ನಾಲ್ಕು ಹತ್ತರ ಅಳತೆ

2025ರ ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಇಷ್ಟು ಖಚಿತವಾಗಿ ಬರೆಯಲು ಕಾರಣವಿದೆ. ಅಂದು ರಿಜಿಸ್ಟರಿನಲ್ಲಿ ನಾನು ಬೇರೆ ಹೊತ್ತನ್ನು ಬರೆದಿದ್ದೆ.

ನನ್ನ ಕೆಲಸ ಮಕ್ಕಳನ್ನು ಅಳೆಯುವುದು. ವಾಹನ ತಪಾಸಣೆ ಕಚೇರಿಯ ಹಿಂಬದಿಯಲ್ಲಿ, ಹಿಂದೆ ಟೈರುಗಳನ್ನು ತುಂಬಿಡುತ್ತಿದ್ದ ಕೋಣೆಯೊಂದಿದೆ. ಗೋಡೆಗೆ ಎರಡು ಸಲ ಬಣ್ಣ ಬಳಿದರೂ ರಬ್ಬರಿನ ವಾಸನೆ ಬಿಟ್ಟಿಲ್ಲ. ಎತ್ತರ 135 ಸೆಂಟಿಮೀಟರ್ ಮುಟ್ಟುವವರೆಗೆ ಮಗು ಕಾರಿನಲ್ಲಿ ಬೂಸ್ಟರ್ ಮೇಲೆಯೇ ಕೂರಬೇಕು ಎಂಬುದು ಕಾನೂನು. ಬೂಸ್ಟರ್ ಎಂದರೆ ಮಗುವನ್ನು ಅರ್ಧ ಗೇಣಿನಷ್ಟು ಮೇಲೆತ್ತುವ ಗಟ್ಟಿ ಪೀಠ, ಅಷ್ಟೇ. ಕಾರಿನ ಬೆಲ್ಟು ದೊಡ್ಡವರ ಮೈಗೆ ತಕ್ಕಂತೆ ಮಾಡಿದ್ದು. ಚಿಕ್ಕವರಿಗೆ ಅದು ಸೊಂಟದ ಮೂಳೆಯನ್ನು ಬಿಟ್ಟು ಹೊಟ್ಟೆಯ ಮೇಲೆ ಏರುತ್ತದೆ, ಹೆಗಲನ್ನು ಬಿಟ್ಟು ಕತ್ತಿಗೆ ತಾಗುತ್ತದೆ. ಕಾರು ಗಕ್ಕನೆ ನಿಂತರೆ ಆ ಎಳೆತವನ್ನು ಮೂಳೆ ತಡೆದುಕೊಳ್ಳುತ್ತದೆ, ಹೊಟ್ಟೆ ತಡೆದುಕೊಳ್ಳುವುದಿಲ್ಲ. 135 ಮುಟ್ಟಿದ ಮಗುವಿಗೆ ನಮ್ಮ ಕೋಣೆ ಬಿಡುಗಡೆ ಚೀಟಿ ಕೊಡುತ್ತದೆ. ಚೀಟಿ ಪಡೆದವರು ಬೂಸ್ಟರನ್ನು ನಮ್ಮಲ್ಲೇ ಬಿಟ್ಟು ಹೋಗುವ ರೂಢಿಯಿದೆ. ಮಗುವಿನ ಕೊನೆಯ ಎತ್ತರ ಬರೆದ ರಟ್ಟಿನ ಚೂರೊಂದನ್ನು ಅದಕ್ಕೆ ದಾರದಲ್ಲಿ ಕಟ್ಟಿ ಕಪಾಟಿನಲ್ಲಿಡುತ್ತೇವೆ.

ಕೋಣೆಯಲ್ಲಿ ಹೆಚ್ಚಿನ ಸಾಮಾನಿಲ್ಲ. ಗೋಡೆಗೆ ಬಿಗಿದ ಅಳತೆಗಂಬ, ಅದರಲ್ಲಿ ಮೇಲೆ ಕೆಳಗೆ ಜಾರುವ ಮರದ ತಲೆಹಲಗೆ, ಕಂಬದ ಬುಡದಲ್ಲಿ ನೆಲಕ್ಕೆ ಸಮನಾಗಿ ಕೂರಿಸಿದ ತೂಕದ ಯಂತ್ರ. ಮೂಲೆಯ ಕುರ್ಚಿಯಲ್ಲಿ ಬೆಲ್ಟುಗಳ ಪರೀಕ್ಷೆಗೆ ಬಳಸುವ, ಮಗುವಿನಷ್ಟೇ ದೊಡ್ಡದಾದ ರಬ್ಬರಿನ ಬೊಂಬೆ. ಬೆಲ್ಟ್ ಮೇಸ್ತ್ರಿ ಅದಕ್ಕೆ ‘ಅಳಿಯಂದಿರು’ ಎಂದು ಹೆಸರಿಟ್ಟಿದ್ದರು. ಎತ್ತಿ ಕೂರಿಸಬೇಕು, ಎತ್ತಿ ಇಳಿಸಬೇಕು, ತಾನಾಗಿ ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ ಎಂಬುದು ಅವರ ವಿವರಣೆ. ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದ ಮನುಷ್ಯ, ನಾನು ಎದುರಾಡಲಿಲ್ಲ.

ಬಿಡುಗಡೆಯ ಅಳತೆಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಅದನ್ನು ಮಧ್ಯಾಹ್ನ ಮೂರೂವರೆಯ ನಂತರವೇ ತೆಗೆದುಕೊಳ್ಳಬೇಕು. ಮನುಷ್ಯ ಎದ್ದಾಗ ಇದ್ದಷ್ಟು ಎತ್ತರ ಸಂಜೆಗೆ ಇರುವುದಿಲ್ಲ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಮೈಭಾರಕ್ಕೆ ನೀರು ಬಿಟ್ಟು ತೆಳ್ಳಗಾಗುತ್ತವೆ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಮಕ್ಕಳಲ್ಲೂ ಅರ್ಧ, ಮುಕ್ಕಾಲು ಸೆಂಟಿಮೀಟರು ಹೋಗಿ ಬರುತ್ತದೆ. ಕಡಿಮೆಯ ಎತ್ತರವೇ ನಿಜವಾದ ಎತ್ತರ ಎಂದು ನಮ್ಮ ನಿಯಮ ಹೇಳುತ್ತದೆ. ಮೂರು ಸಲ ಅಳೆದು ನಡುವಿನ ಅಂಕಿಯನ್ನು ಬರೆಯುತ್ತೇವೆ.

ಆ ಮಂಗಳವಾರ ಬಂದವಳು ನನ್ನ ತಂಗಿ. ಜೊತೆಗೆ ಒಂಬತ್ತು ವರ್ಷದ ಮಗಳು. ಹುಟ್ಟಿದಾಗಿನಿಂದ ಸಣಕಲಿಯಾದ್ದರಿಂದ ಮನೆಯಲ್ಲಿ ಎಲ್ಲರಿಗೂ ಅವಳು ‘ಕಡ್ಡಿ’. ತಂಗಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಸಂಜೆಯೇ ಅಲ್ಲಿ ಗಿರಾಕಿಗಳ ಹೊತ್ತು. ಬರುವ ಶನಿವಾರವಲ್ಲ, ಅದರಾಚೆಯ ಶನಿವಾರ, ಅಂದರೆ ಹದಿನೈದಕ್ಕೆ, ಗಂಡ ಕೆಲಸಕ್ಕಿದ್ದ ಸೇತುವೆ ಕಾಮಗಾರಿಯ ಊರಿಗೆ ಮಗಳನ್ನು ಕೂರಿಸಿಕೊಂಡು ತಾನೇ ಕಾರು ಓಡಿಸಿಕೊಂಡು ಹೋಗುವವಳಿದ್ದಳು. ಇನ್ನೂರ ಎಂಬತ್ತು ಕಿಲೋಮೀಟರ್, ಬಹುಪಾಲು ಇಳಿಜಾರು, ತಿರುವು. ಅಷ್ಟರೊಳಗೆ ಚೀಟಿ ಸಿಕ್ಕಿದರೆ ಅಪ್ಪನ ಮುಂದೆ ದೊಡ್ಡವಳಂತೆ ಇಳಿಯಬಹುದು ಎಂಬುದು ಮಗಳ ಹಟ.

“ಕ್ಲಾಸಲ್ಲಿ ಇವಳೊಬ್ಬಳೇ ಅಕ್ಕ, ಬೂಸ್ಟರ್ ಮೇಲೆ ಕೂರೋದು. ಗೇಟಲ್ಲಿ ಇಳಿಯುವಾಗ ಹುಡುಗ್ರು ‘ಮಹಾರಾಣಿಯವರು ಸಿಂಹಾಸನ ಬಿಟ್ರು’ ಅಂತ ಕೂಗ್ತಾರಂತೆ.”

ಸಂಜೆ ಕರೆದುಕೊಂಡು ಬಾ ಎಂದೆ. ಒಂದು ತಿಂಗಳಿಂದ ಇದೇ ಮಾತಾಯಿತು, ಸಂಜೆ ಅಂಗಡಿ ಬಿಟ್ಟು ಬಂದರೆ ಸಂಬಳ ಕೊಡುವವರು ಯಾರು, ಸುಮ್ಮನೆ ಒಮ್ಮೆ ನಿಲ್ಲಿಸಿ ನೋಡು ಎಂದಳು. ನಿಲ್ಲಿಸಿದೆ. 135.1. ಮೂರು ಸಲವೂ ಅಷ್ಟೇ. ತೂಕ 24.6 ಕಿಲೋ.

“ಬಂತಲ್ಲ, ಇನ್ನೇನು?” ಎಂದಳು ತಂಗಿ.

ಸಂಜೆಯ ನಿಯಮವನ್ನು ಮತ್ತೆ ವಿವರಿಸಿದೆ. ಅವಳು ನಕ್ಕುಬಿಟ್ಟಳು. “ನಾವೂ ಕಾಲು ಪವರ್ ಆಚೆ ಈಚೆ ಮಾಡ್ತೀವಿ ಕಣೇ. ಇಲ್ಲಿವರೆಗೂ ಯಾರೂ ಬಾಗಿಲು ಬಿಟ್ಟು ಗೋಡೆಗೆ ಹೋಗಿ ಹೊಡ್ಕೊಂಡಿಲ್ಲ.”

ಅವಳ ಕಾರು ತಪಾಸಣೆಯ ಗೇಟಿಗೆ ಅಡ್ಡ ನಿಂತಿತ್ತು, ಹೊರಗೆ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ, ಮಗು ನನ್ನ ಮುಖವನ್ನೇ ನೋಡುತ್ತಿತ್ತು. ನಾನು ಪೆನ್ನು ತೆಗೆದುಕೊಂಡೆ. ಎತ್ತರವನ್ನು ತಿದ್ದಲಿಲ್ಲ, ಅದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ವೇಳೆಯ ಕಾಲಂನಲ್ಲಿ ಒಂಬತ್ತರ ಬದಲು ನಾಲ್ಕು ಎಂದು ಬರೆದೆ. ನಿಮಿಷವನ್ನು ಇದ್ದಂತೆಯೇ ಬಿಟ್ಟೆ. ಒಂದೇ ಒಂದು ಅಂಕಿಯ ಸುಳ್ಳು. ಚೀಟಿ ಕೊಡುವ ಮೊದಲು ಮಗುವನ್ನು ಕಾರಿನ ಸೀಟಿನಲ್ಲೇ ಕೂರಿಸಿ, ಬೆಲ್ಟು ಎಲ್ಲಿ ಬೀಳುತ್ತದೆಂದು ಕೈಯಿಂದ ಮುಟ್ಟಿ ನೋಡಬೇಕು. ಅದನ್ನೂ ಮಾಡಲಿಲ್ಲ.

ಕಡ್ಡಿ ಮೇಜಿನ ಅಂಚಿಗೆ ಗಲ್ಲವಿಟ್ಟು ರಿಜಿಸ್ಟರನ್ನು ಓದುತ್ತಿದ್ದಳು.

“ದೊಡ್ಡಮ್ಮ, ಈಗ ಬೆಳಿಗ್ಗೆ ಅಲ್ವಾ?”

“ಅದು ಆಫೀಸಿನ ಟೈಮು, ಮರೀ.”

“ಹಾಗಾದ್ರೆ ನನ್ನ ಅಳೆಯೋದು ನಾಲ್ಕು ಹತ್ತಕ್ಕಾ?”

ಹೌದು ಎಂದೆ. ಬೂಸ್ಟರಿಗೆ 135.1 ಎಂಬ ರಟ್ಟು ಕಟ್ಟಿ ಕಪಾಟಿನಲ್ಲಿಟ್ಟೆ.

ಬುಧವಾರ ಸಂಜೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಪ್ರತಿ ಅಳತೆಯ ನಂತರ ತಲೆಹಲಗೆಯನ್ನು 180ಕ್ಕೆ ಏರಿಸಿ ತಿರುಪು ಬಿಗಿಯುವುದು ನನ್ನ ಅಭ್ಯಾಸ. ಕೈ ತೊಳೆದು ಬಂದು ನೋಡಿದರೆ ಅದು ಕೆಳಗಿತ್ತು. 134.3. ತಿರುಪು ಸಡಿಲವಾಗಿದ್ದಿರಬೇಕು ಎಂದುಕೊಂಡು ಏರಿಸಿ ಬಿಗಿದೆ.

ಗುರುವಾರ ನಾನು ಮೇಜಿನ ಮುಂದೆಯೇ ಇದ್ದೆ. ನಾಲ್ಕು ಹತ್ತಕ್ಕೆ ಹಲಗೆ ಇಳಿಯಿತು. ಬಿದ್ದಿದ್ದಲ್ಲ. 140ರವರೆಗೆ ಸರಾಗವಾಗಿ ಬಂತು, ಅಲ್ಲಿಂದ ನಿಧಾನವಾಯಿತು, ಕೊನೆಯ ಬೆರಳಗಲದಲ್ಲಿ ತೂಗಿ ತೂಗಿ, ಕೂದಲನ್ನು ಒತ್ತುವಷ್ಟು ಮಾತ್ರ ಒತ್ತಿ ನಿಂತಿತು. ಹಾಗೆ ಇಳಿಸುವುದು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಿಂಗಳುಗಟ್ಟಲೆ ಕೈ ಪಳಗಿಸಿ ಕಲಿತ ರೀತಿ ಅದು. ಹಲಗೆ ಒಂದು ಗೇಣು ಮೇಲೆ ಹೋಯಿತು, ಮತ್ತೆ ಇಳಿಯಿತು. ಇನ್ನೊಮ್ಮೆ. 134.3, 134.4, 134.3. ನಡುವಿನ ಅಂಕಿ 134.3.

ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆದರಿಕೆಯಾದಾಗ ನನಗೆ ಗೊತ್ತಿರುವುದು ಪರೀಕ್ಷೆ ಮಾಡುವುದೊಂದೇ. ಶುಕ್ರವಾರ ತಿರುಪನ್ನು ಬದಲಿಸಿದೆ. ರಸಮಟ್ಟವಿಟ್ಟು ಕಂಬ ನೆಟ್ಟಗಿದೆಯೇ ನೋಡಿದೆ, ಇತ್ತು. ಪಕ್ಕದ ಶೆಡ್ಡಿನಲ್ಲಿ ಬ್ರೇಕು ಪರೀಕ್ಷೆಯ ಅದುರು ಇರಬಹುದೆಂದು, ಲಾರಿಗಳು ಬಂದು ಹೋಗುವ ಒಂದು ಗಂಟೆಯ ಕಾಲ ಹಲಗೆಗೆ ಎರಡು ಕಿಲೋ ಕಲ್ಲು ತೂಗುಹಾಕಿ ಕಾದೆ. ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ಕಲ್ಲು ತೆಗೆದೆ. ನಾಲ್ಕು ಹತ್ತಕ್ಕೆ ಅದು ಇಳಿಯಿತು, ಮೂರು ಸಲ.

ಭಾನುವಾರ ತಂಗಿಯ ಮನೆಯಲ್ಲಿ ಊಟ. ತಟ್ಟೆ ತೊಳೆಯುತ್ತಾ ಅವಳು ನಗುತ್ತಲೇ ಹೇಳಿದ್ದು ಇದು: ಶಾಲೆ ಬಿಟ್ಟ ಮೇಲೆ ಅಮ್ಮಂದಿರು ಬರುವವರೆಗೆ ಮಕ್ಕಳನ್ನು ಕೂರಿಸಿಕೊಳ್ಳುವ ಕೋಣೆಯ ಆಯಾ ದೂರು ಹೇಳಿದರಂತೆ. ಬುಧವಾರದಿಂದ ಕಡ್ಡಿ ಆಟದ ಮಧ್ಯೆ ಎದ್ದು ಹೋಗಿ, ಚಪ್ಪಲಿ ಕಳಚಿ, ಹಿಮ್ಮಡಿ ಜೋಡಿಸಿ, ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಾಳೆ. ಒಂದೆರಡು ನಿಮಿಷ ಯಾರು ಕರೆದರೂ ಓಗೊಡುವುದಿಲ್ಲ. ಆಮೇಲೆ ಏನೂ ಆಗದವಳಂತೆ ಬಂದು ಆಡುತ್ತಾಳೆ.

“ನಿನ್ನೆ ಮನೇಲೂ ನಿಂತ್ಲು, ಬೀರುವಿಗೆ ಒರಗಿ. ಏನೇ ಇದು ಅಂದ್ರೆ, ‘ಶ್, ದೊಡ್ಡಮ್ಮ ಅಳೀತಿದಾರೆ’ ಅಂತಾಳೆ. ನಿನ್ನ ಕೆಲಸದ ಹುಚ್ಚು ಇವಳಿಗೂ ಹತ್ತಿತು.”

ಎಷ್ಟು ಗಂಟೆಗೆ ಎಂದು ಕೇಳಲಿಲ್ಲ. ಕೈಯಲ್ಲಿದ್ದ ಲೋಟವನ್ನು ಒರೆಸುತ್ತಲೇ ಇದ್ದೆ. ಅಲ್ಲೇ ಹೇಳಿಬಿಡಬೇಕಿತ್ತು. ಹೇಳಿದರೆ ಸುಳ್ಳು ದಾಖಲೆ ಬರೆದವಳೆಂದು ಅಳತೆಯ ಕೆಲಸದಿಂದ ನನ್ನನ್ನು ತೆಗೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಎರಡನೆಯ ಮಾತಿಲ್ಲ. ಹದಿನಾರು ವರ್ಷದಲ್ಲಿ ನನಗೆ ಚೆನ್ನಾಗಿ ಮಾಡಲು ಬಂದಿದ್ದು ಈ ಒಂದು ಕೆಲಸ. ಎಂಟು ಮಿಲಿಮೀಟರಿಗೆ ಯಾವ ಬೆಲ್ಟೂ ಸರಿಯಿಂದ ತಪ್ಪಿಗೆ ಜಿಗಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಭೌತಶಾಸ್ತ್ರದ ಪ್ರಕಾರ ಅದು ನಿಜವೂ ಹೌದು. ಆದರೆ ಬೆಲ್ಟು ಎಲ್ಲಿ ಬೀಳುತ್ತದೆಂದು ನಾನು ಮುಟ್ಟಿ ನೋಡಿರಲಿಲ್ಲ.

ಸೋಮವಾರ ಬೆಲ್ಟ್ ಮೇಸ್ತ್ರಿಯನ್ನು ಬೇಕೆಂದೇ ಟೀಗೆ ಕೂರಿಸಿಕೊಂಡೆ. ಹಲಗೆ ಇಳಿಯುವಾಗ ಅವರ ಲೋಟ ತುಟಿಯ ಹತ್ತಿರವೇ ನಿಂತಿತು. ಅಂದು ಹೊಸದೊಂದು ಸೇರಿತ್ತು. ಖಾಲಿ ತೂಕದ ಯಂತ್ರದ ದೀಪ ಹತ್ತಿ 24.6 ತೋರಿಸಿತು. ಹಲಗೆ ನಿಂತ ಮೇಲೆ ಸೊನ್ನೆಗೆ ಮರಳಿತು.

ಯಂತ್ರ ಕೆಟ್ಟಿದೆಯೇನೋ ಎಂದೆ, ಅವರ ಬಾಯಿಂದ ಹೌದೆನ್ನಿಸಿಕೊಳ್ಳುವ ಆಸೆಯಿಂದ.

ಮೇಸ್ತ್ರಿ ಲೋಟ ಕೆಳಗಿಟ್ಟರು. “ಕೆಟ್ಟಿಲ್ಲ ಮೇಡಂ. ಕೆಟ್ಟಿದ್ದು ದಿನಕ್ಕೊಂದು ತೋರಿಸುತ್ತೆ. ಇದು ಸರಿಯಾಗಿ ಕೆಲಸ ಮಾಡ್ತಾ ಇದೆ.” ಕಂಬದ ಕಡೆ ಬೆರಳು ತೋರಿಸಿ, “ಯಾವ ಮಗು ಇದು?” ಎಂದರು.

ನಾನು ಎದ್ದು ಹಲಗೆಯನ್ನು 180ಕ್ಕೆ ಏರಿಸಿದೆ. ಅವರು ರಿಜಿಸ್ಟರಿನ ಕಡೆ ನೋಡಿದರು, ತೆರೆಯಲಿಲ್ಲ. ಹೋಗುವಾಗ ಮೂಲೆಯ ಕುರ್ಚಿಯನ್ನು ತಿರುಗಿಸಿ ಬೊಂಬೆಯ ಮುಖವನ್ನು ಗೋಡೆಯ ಕಡೆ ಮಾಡಿ ಹೋದರು. ಅಳಿಯಂದಿರು ಕೂಡ ನೋಡುವುದು ಬೇಡ ಎಂದುಕೊಂಡರೋ ಏನೋ.

ಮಂಗಳವಾರ, ಬುಧವಾರ ಅದೇ ಅಂಕಿ. ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ: ಸ್ವಲ್ಪ ರೂಢಿಯಾಗಿಬಿಟ್ಟಿತ್ತು. ನಾಲ್ಕು ಐದಕ್ಕೆ ಮೇಜು ಬಿಟ್ಟು ಕಿಟಕಿಯ ಬಳಿ ನಿಲ್ಲುವುದು, ನಾಲ್ಕು ಹನ್ನೆರಡಕ್ಕೆ ಹೋಗಿ ಹಲಗೆಯನ್ನು ಏರಿಸುವುದು. ಶನಿವಾರ ದಾಟಿದರೆ ತಂಗಿ ಕ್ಷೇಮವಾಗಿ ಹೋಗಿ ಬರುತ್ತಾಳೆ. ಅಷ್ಟರಲ್ಲಿ ಮಗು ಇನ್ನಷ್ಟು ಬೆಳೆದಿರುತ್ತದೆ. ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂಬ ಲೆಕ್ಕ ನನ್ನದು.

ಗುರುವಾರ, ಹದಿಮೂರನೆಯ ತಾರೀಕು, ಹಲಗೆ 140ರ ಬಳಿ ನಿಧಾನವಾಗಲಿಲ್ಲ. 134ನ್ನು ದಾಟಿ ಇಳಿಯಿತು. 100, 80, 50. ಯಾರೋ ಮಂಡಿಯೂರಿ ಕೂತು ಇಳಿಸುತ್ತಿರುವಂತೆ ತೀರಾ ಬುಡದವರೆಗೆ ಬಂದು, ಅದೇ ಎಚ್ಚರದಲ್ಲಿ ತೂಗಿ ನಿಂತಿತು. ಯಂತ್ರ 24.6 ತೋರಿಸಿತು. ಒಂದು ಸಲ ಮಾತ್ರ. ಹಲಗೆ ಮತ್ತೆ ಏಳಲಿಲ್ಲ. ನೆಲದ ಮೇಲೆ ಬಗ್ಗಿ ಅಂಕಿ ಓದಿದೆ. 13.8.

ಅಷ್ಟು ಎತ್ತರದ ಮಗು ಇರುವುದಿಲ್ಲ. ತೂಕ ಒಂಬತ್ತು ವರ್ಷದ ಹುಡುಗಿಯದು, ಎತ್ತರ ಒಂದು ಚೊಂಬಿನದು. ಇದು ಹೇಗೆ ಹೊಂದುತ್ತದೆ ಎಂದು ಯೋಚಿಸುತ್ತಾ ಕುಕ್ಕರಗಾಲಿನಲ್ಲಿ ಕೂತಿದ್ದವಳಿಗೆ ಎದುರಿನ ಮೂಲೆಯಲ್ಲಿ ಬೊಂಬೆಯ ಬೆನ್ನು ಕಂಡಿತು. ಕಂಕುಳಿಗೆ ಕೈಹಾಕಿ ಅದನ್ನು ಎಳೆದು ತಂದು ಕಂಬದ ಬುಡದಲ್ಲಿ ಅಂಗಾತ ಮಲಗಿಸಿದೆ. ಹಲಗೆಯನ್ನು ಅದರ ಎದೆಗೆ ತಾಗಿಸಿ ಓದಿದೆ. 14.1. ಕಡ್ಡಿ ಬೊಂಬೆಗಿಂತ ತೆಳ್ಳಗಿದ್ದಾಳೆ.

ತಂಗಿಗೆ ಫೋನು ಮಾಡಿದಾಗ ಅವಳು ಗಿರಾಕಿಯ ಕಣ್ಣಿನ ಮುಂದಿದ್ದಳು. ಆಯಾಗೆ ಫೋನು ಮಾಡಿ ಕಡ್ಡಿ ಏನು ಮಾಡುತ್ತಿದ್ದಾಳೆಂದು ಕೇಳು, ಈಗಲೇ, ಎಂದಷ್ಟೇ ಹೇಳಿದೆ. ನನ್ನ ಧ್ವನಿ ಹೇಗಿತ್ತೋ, ತಮಾಷೆ ಮಾಡದೆ ಇಟ್ಟಳು. ಆರು ನಿಮಿಷದ ನಂತರ ತಿರುಗಿ ಮಾಡಿದಳು.

“ಇವತ್ತು ನಿಲ್ಲಲಿಲ್ಲವಂತೆ.” ಅವಳ ಉಸಿರು ಕೇಳುತ್ತಿತ್ತು. “ಚಪ್ಪಲಿ ಬಿಚ್ಚಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟಳಂತೆ. ಎಬ್ಬಿಸಿದರೆ ಏಳಲೇ ಇಲ್ಲವಂತೆ ಅಕ್ಕ, ಕೈ ಎತ್ತಿದ್ರೆ ಹಾಗೇ ಬೀಳ್ತಿತ್ತಂತೆ. ಈಗ ಎದ್ದು ಬಿಸ್ಕತ್ತು ತಿಂತಾ ಇದಾಳೆ. ನಿಂಗೆ ಹೇಗೆ ಗೊತ್ತಾಯ್ತು?”

ಎಲ್ಲವನ್ನೂ ಹೇಳಿದೆ. ಹಲಗೆಯ ವಿಷಯ, ತೂಕದ ವಿಷಯ, ಒಂಬತ್ತನ್ನು ನಾಲ್ಕು ಮಾಡಿದ್ದು, ಬೆಲ್ಟನ್ನು ಮುಟ್ಟಿ ನೋಡದೆ ಚೀಟಿ ಕೊಟ್ಟಿದ್ದು. ಆ ಕಡೆ ಅಂಗಡಿಯಲ್ಲಿ ಯಾರೋ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು.

“ನಿನ್ನ ಕೆಲಸ ಹೋಗುತ್ತಲ್ಲೇ,” ಎಂದಳು ಕೊನೆಗೆ.

“ಹೋಗುತ್ತೆ.”

“ಬರೆದವಳು ನೀನು, ಬರೆಸಿದವಳು ನಾನು. ಇವತ್ತು ಅವಳನ್ನ ಕಾರಲ್ಲಿ ಕೂರಿಸಲ್ಲ, ನಡೆಸ್ಕೊಂಡೇ ಹೋಗ್ತೀನಿ. ನಾಳೆ ರಜ ಹಾಕ್ತೀನಿ.”

ನಾನು ಕಪಾಟಿನಿಂದ ಬೂಸ್ಟರನ್ನು ತೆಗೆದು, ರಟ್ಟನ್ನು ಹರಿದು ಹಾಕಿ, ಬೂಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಮನೆಗೆ ನಡೆದೆ. ಬಾಗಿಲು ತೆಗೆದ ಕಡ್ಡಿ ಮೊದಲು ಬೂಸ್ಟರನ್ನು ನೋಡಿದಳು, ಆಮೇಲೆ ನನ್ನನ್ನು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

“ಇವತ್ತು ಯಾಕೆ ದೊಡ್ಡಮ್ಮ ಮಲಗಿಸಿ ಅಳೆದ್ರಿ?” ಎಂದು ಕೇಳಿದಳು. “ನೆಲ ತಣ್ಣಗಿತ್ತು.”

ಶುಕ್ರವಾರ ಬೆಳಿಗ್ಗೆ ಮೇಲಧಿಕಾರಿಯ ಮೇಜಿನ ಮೇಲೆ ತಪ್ಪೊಪ್ಪಿಗೆಯ ಪತ್ರವನ್ನಿಟ್ಟೆ. ಅದರಲ್ಲಿ ಹಲಗೆಯ ವಿಷಯ ಬರೆಯಲಿಲ್ಲ. ಅದು ಪತ್ರದಲ್ಲಿ ಹಿಡಿಸುವ ಸಂಗತಿಯಲ್ಲ. ಅವರು ಎರಡು ಸಲ ಓದಿದರು. ಕೂಗಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಸಂಜೆ ಮೇಸ್ತ್ರಿಯ ಸಾಕ್ಷಿಯಲ್ಲಿ ಆ ಮಗುವನ್ನು ಮತ್ತೆ ಅಳೆದು, ಹಳೆಯ ಸಾಲನ್ನು ಹೊಡೆದು ಹಾಕಿ, ಚೀಟಿಯನ್ನು ರದ್ದು ಮಾಡಿ, ಆಮೇಲೆ ಕೋಣೆಯ ಕೀಲಿಯನ್ನು ತಂದುಕೊಡಿ ಎಂದರು.

ನಾಲ್ಕಕ್ಕೆ ತಂಗಿ ಕಾರನ್ನು ಶೆಡ್ಡಿನೊಳಗೆ ತಂದಳು. ಮೊದಲು ಅಂದು ಬಿಟ್ಟಿದ್ದನ್ನು ಮಾಡಿದೆ. ಬೂಸ್ಟರ್ ಇಲ್ಲದೆ ಕಡ್ಡಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆನ್ನನ್ನು ಒರಗಿಸಿದೆ. ಮಂಡಿ ಸೀಟಿನ ಅಂಚನ್ನು ಮುಟ್ಟಲಿಲ್ಲ. ಕಾಲು ಮಡಚಲೆಂದು ಅವಳು ಮೆಲ್ಲಗೆ ಮುಂದೆ ಜಾರಿದಳು, ಅವಳ ಜೊತೆ ಬೆಲ್ಟೂ ಏರಿತು. ಸೊಂಟದ ಮೂಳೆಯನ್ನು ಬೆರಳಿನಿಂದ ಹುಡುಕಿದೆ. ಬೆಲ್ಟು ಅದಕ್ಕಿಂತ ಮೂರು ಬೆರಳು ಮೇಲೆ, ಬರೀ ಹೊಟ್ಟೆಯ ಮೇಲಿತ್ತು. ಹತ್ತು ದಿನ ಅವಳು ಹೀಗೆಯೇ ಶಾಲೆಗೆ ಹೋಗಿ ಬಂದಿದ್ದಳು. ತಂಗಿಯ ಕೈಯನ್ನು ಹಿಡಿದು ಅಲ್ಲಿ ಮುಟ್ಟಿಸಿದೆ. ಆ ಇಳಿಜಾರು, ಆ ತಿರುವುಗಳು ಇಬ್ಬರಿಗೂ ಕಂಡಿರಬೇಕು.

ಬೂಸ್ಟರಿಟ್ಟು ಮತ್ತೆ ಕೂರಿಸಿದೆವು. ಬೆಲ್ಟು ಮೂಳೆಯ ಮೇಲೆ ಬಂದು ಕೂತಿತು.

ಕೋಣೆಯೊಳಗೆ ಬಂದಾಗ ಗಡಿಯಾರ ನಾಲ್ಕು ಎಂಟು ತೋರಿಸುತ್ತಿತ್ತು. ಹಲಗೆ 180ರಲ್ಲಿತ್ತು, ತಿರುಪು ಬಿಗಿಯಾಗಿತ್ತು. ಕಡ್ಡಿ ಚಪ್ಪಲಿ ಬಿಟ್ಟು ಯಂತ್ರದ ಮೇಲೆ ಹತ್ತಿದಳು, ಹಿಮ್ಮಡಿ ಜೋಡಿಸಿದಳು, ಕಂಬಕ್ಕೆ ಬೆನ್ನು ಹಚ್ಚಿದಳು. ಯಾರೂ ಹೇಳಿಕೊಡಬೇಕಿರಲಿಲ್ಲ. ಮೇಸ್ತ್ರಿ ಬಾಗಿಲ ಬಳಿ ಕೈ ಕಟ್ಟಿಕೊಂಡು ನಿಂತರು. ತಂಗಿ ಗೋಡೆಗೆ ಅಂಟಿಕೊಂಡಿದ್ದಳು.

ನಾನು ಕೈ ಎತ್ತುವ ಮೊದಲೇ ಹಲಗೆ ಹೊರಟಿತು. ಸರಾಗವಾಗಿ ಬಂದು, ನಿಧಾನವಾಗಿ, ಅವಳ ಬೈತಲೆಯ ಮೇಲೆ ಬಂದು ನಿಂತಿತು. ಕಡ್ಡಿ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಹಲಗೆಯ ಅಂಚಿಗೆ ಬೆರಳು ತಾಗಿಸಿದೆ. ಬೇಸಿಗೆಯ ಆ ಸಂಜೆಯಲ್ಲಿ ಮರ ನೀರಿನಿಂದ ತೆಗೆದಂತೆ ತಣ್ಣಗಿತ್ತು. ಅದು ಮೇಲೇಳುವಾಗ ನನ್ನ ಕೈಯೂ ಜೊತೆಗೆ ಎದ್ದಿತು, ಇಳಿಯುವಾಗ ಇಳಿಯಿತು. ಎರಡನೆಯ ಸಲ ಯಾರು ಯಾರನ್ನು ಇಳಿಸುತ್ತಿದ್ದರೆಂದು ಹೇಳಲಾರೆ. ಮೂರನೆಯ ಸಲ ಹಲಗೆ ಬೆಚ್ಚಗಾಗಿತ್ತು, ಬರೀ ಮರವಾಗಿತ್ತು, ಅದರ ಭಾರವೆಲ್ಲ ನನ್ನ ಕೈಯಲ್ಲೇ ಇತ್ತು.

“ಆಯ್ತಾ ದೊಡ್ಡಮ್ಮ?”

“ಆಯ್ತು ಮರೀ. ಇಳಿ.”

ರಿಜಿಸ್ಟರನ್ನು ತೆರೆದು ಮಾರ್ಚ್ 4ರ ಸಾಲನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ‘ಅಳೆದ ನಿಜವಾದ ವೇಳೆ ಬೆಳಿಗ್ಗೆ 9:10’ ಎಂದು ಬರೆದು ಸಹಿ ಮಾಡಿದೆ. ಅದರ ಕೆಳಗೆ ಮೇಸ್ತ್ರಿ ಸಹಿ ಮಾಡಿದರು. ಆಮೇಲೆ ಹೊಸ ಸಾಲು: ಮಾರ್ಚ್ 14, ಶುಕ್ರವಾರ. ವೇಳೆ, ಸಂಜೆ 4:10. ಬೂಸ್ಟರ್, ಬೇಕು. ಎತ್ತರ, 134.3 ಸೆಂಟಿಮೀಟರ್.